ಬಿಳಿ ಚುಕ್ಕೆಯ ಚೇಚಿ

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಗದಗಿನಿಂದ, ಏಳನೇ ಕ್ಲಾಸಿನ ಗಣಿತ ಪರೀಕ್ಷೆಯ ಸೋಮವಾರ. ಅಲೆಯುತ್ತಾ ಬಯಲಲ್ಲಿ ಕೂತು ಚಿತ್ರ ಬರೆಯುವುದೇ ಕಸುಬಾಯಿತು. ನೀರು, ದೋಣಿ, ಬೆಳಕು. ಹತ್ತಿರ ಬಂದರೆ ಬರೀ ಬಣ್ಣದ ಚುಕ್ಕೆ, ದೂರ ನಿಂತರೆ ಊರು. ಈ ಹತ್ತಿರ-ದೂರದ ಫಜೀತಿ ಎಲ್ಲಿ ಹೋದರೂ ನನ್ನ ಬೆನ್ನು ಬಿಟ್ಟಿಲ್ಲ.

೧. ಕಾಗೆ

ಕೊಚ್ಚಿಗೆ ಬಂದವನು ವಲ್ಲಾರ್ಪಾಡಂ ದ್ವೀಪದ ಒಂದು ಚಹಾದಂಗಡಿಯೆದುರು ಈಸೆಲ್ ಊರಿದೆ. ಎಲ್ಲರೂ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದ ಅಂಗಡಿಯಾಕೆ ಏಳನೇ ಕ್ಲಾಸು ದಾಟದ ನನ್ನನ್ನು 'ಮಾಷೇ' ಎಂದು ಕರೆದು ಮೇಷ್ಟ್ರಾಗಿಸಿಬಿಟ್ಟಳು. ಬಿಳಿ ಮುಂಡು ಉಟ್ಟು, ಕೈಯೆತ್ತಿ ಚಹಾ ಹೊಯ್ಯುವ ಆಕೆ ನನ್ನ ಚಿತ್ರದಲ್ಲಿ ಓರೆಯಾದ ಒಂದು ಬಿಳಿ ಚುಕ್ಕೆ.

"ಇದರಲ್ಲಿ ನಾನೆಲ್ಲಿ ಮಾಷೇ?"

"ಇಲ್ಲೇ ಇದ್ದಿರಿ... ಬಿಳಿಯದೊಂದು..."

"ಅಯ್ಯೋ! ಕಾಗೆ ಗಲೀಜು ಮಾಡಿದೆ ಅಂತ ಬೆಳಿಗ್ಗೆ ಒರೆಸಿಬಿಟ್ಟೆನಲ್ಲ!"

೨. ಆರು ಹೆಜ್ಜೆ

ತಿರುವನಂತಪುರದಲ್ಲಿ ನನ್ನ ಚಿತ್ರಗಳ ಪ್ರದರ್ಶನಕ್ಕೆ ಮೈಸೂರು ಕಡೆಯ ಬ್ಯಾಂಕ್ ಅಧಿಕಾರಿಯೊಬ್ಬರು ಬಂದು ಕ್ಯಾನ್ವಾಸಿಗೆ ಮೂಗು ತಾಗಿಸಿ ನಿಂತರು.

"ಏನೂ ಕಾಣ್ತಿಲ್ವಲ್ರೀ."

"ಆರು ಹೆಜ್ಜೆ ಹಿಂದೆ ಹೋಗಿ ಸಾರ್."

"ಈಗಲೂ ಇಲ್ಲ."

"ಇನ್ನೊಂದು ನಾಲ್ಕು."

ಹಿಂದಹಿಂದಕ್ಕೆ ನಡೆದು, ಬಾಗಿಲು ದಾಟಿ, ರಸ್ತೆ ಮುಟ್ಟಿದರು. "ಈಗ ಬಹಳ ಚೆನ್ನಾಗಿದೆ ಕಣ್ರೀ!" ಎಂದು ಅಲ್ಲಿಂದಲೇ ಕೂಗಿ, ಆಟೋ ಹತ್ತಿ ಹೋದರು.

೩. ಆಧಾರ್ ಮುಖ

ಈ ಕಡೆ ಯಾರಾದರೂ ತೀರಿಕೊಂಡರೆ ಸಂಜೆಯೊಳಗೆ ರಸ್ತೆ ಬದಿಯಲ್ಲಿ ಅವರ ಫೋಟೋದ ಫ್ಲೆಕ್ಸ್ ನಿಲ್ಲುತ್ತದೆ. ಚೇಚಿಗೆ ತನ್ನ ಫ್ಲೆಕ್ಸಿನದೇ ಚಿಂತೆ. ಇದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ.

"ಅದರಲ್ಲಿ ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗಿದ್ದೇನೆ. ನೀವೇ ನನ್ನ ಮುಖ ಬರೆದುಕೊಡಿ."

ನನಗೆ ಮುಖ ಬರೆಯಲು ಬಾರದು. ಹೇಳಲು ನಾಚಿಕೆಯಾಗಿ, "ಬೆಳಕು ಸರಿಯಾಗಲಿ ಚೇಚಿ" ಎಂದೆ. ಮೂರು ವರ್ಷ ಅದನ್ನೇ ಹೇಳಿದೆ.

"ಇವತ್ತು ಬೆಳಕು ಹೇಗಿದೆ ಮಾಷೇ?"

"ಸಾಲದು."

"ಬಿಸಿಲಿಗೆ ನನ್ನ ತಲೆ ಬೇಯ್ತಿದೆ. ನಿಮಗಿನ್ನೂ ಸಾಲದಾ?"

೪. ಫ್ಲೆಕ್ಸ್

ಮೊನ್ನೆ ಬೆಳಿಗ್ಗೆ ಚೇಚಿ ಹೋದಳು. ಬೆಳಕು ಬಹಳ ಚೆನ್ನಾಗಿತ್ತು.

ಮಗ ಬಂದು, "ಅಮ್ಮನ ಚಿತ್ರ ಕೊಡಿ" ಎಂದ. ನಲವತ್ತು ಚಿತ್ರ ಹರವಿದೆ. ನಲವತ್ತರಲ್ಲೂ ಚುಕ್ಕೆ. ಆಧಾರ್ ಫೋಟೋ ಬೇಡವೆಂದು ಅವನಿಗೂ ಆಣೆ ಹಾಕಿದ್ದಳಂತೆ. ಬೇರೆ ದಾರಿಯಿಲ್ಲದೆ, ಇದ್ದುದರಲ್ಲಿ ದೊಡ್ಡ ಚುಕ್ಕೆಯನ್ನು ಆಳೆತ್ತರಕ್ಕೆ ಹಿಗ್ಗಿಸಿ ಅಂಗಡಿಯ ಮುಂದೆ ನಿಲ್ಲಿಸಿದರು.

ಬಂದವರು ಹತ್ತಿರ ಹೋಗಿ, "ಪ್ರಿಂಟ್ ಕೆಟ್ಟಿದೆ" ಎಂದರು. ಮಗ ನನ್ನತ್ತ ತಿರುಗಿದ. "ನನ್ನಮ್ಮ ಇದಾ ಮಾಷೇ?"

"ರಸ್ತೆಯಾಚೆ ನಿಂತು ನೋಡು" ಎಂದೆ. ನನಗೇ ನಂಬಿಕೆಯಿರಲಿಲ್ಲ.

ಅಷ್ಟರಲ್ಲಿ ಆಚೆ ಬದಿಯಲ್ಲಿ ಕಂಟೇನರ್ ಲಾರಿಯೊಂದು ನಿಂತಿತು. ಡ್ರೈವರ್ ತಲೆ ಹೊರಹಾಕಿ ಫ್ಲೆಕ್ಸಿನತ್ತ ಕೂಗಿದ: "ಚೇಚೀ, ಒಂದು ಚಹಾ! ಸಕ್ಕರೆ ಕಡಿಮೆ!"

ಮಗ ಅಳುತ್ತಲೇ ನಕ್ಕುಬಿಟ್ಟ.

ನಾನೀಗ ಈಸೆಲ್ ಮಡಚುತ್ತಿದ್ದೇನೆ. ಎಲ್ಲಿಗೋ ಗೊತ್ತಿಲ್ಲ. ಇಲ್ಲಿ ಕೂತರೆ, ಬೆಳಕು ಹೇಗಿದೆ ಎಂದು ಕೇಳುವವರು ಇನ್ನಿಲ್ಲ.