ಚಿಗವ್ವನ ಹೊಲದ ರನ್‌ವೇ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚಿಗವ್ವನ ಹೊಲದಿಂದ ಮೊದಲ ಸಲ ವಿಮಾನ ಏರಿಸಿದ ದಿನ ಗಾಳಿ ಪಡುವಣದಿಂದ ಬೀಸುತ್ತಿತ್ತು ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಆದರೆ ನನ್ನ ನೆನಪಿನಲ್ಲಿ ಚಿಗವ್ವನ ಸೆರಗು ಹಾರುತ್ತಿರುವ ದಿಕ್ಕು ನೋಡಿದರೆ ಅದು ಪಡುವಣ ಗಾಳಿಯಾಗಿರುವುದು ಸಾಧ್ಯವಿಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವಳಿಗೆ ಇದು ಮರ್ಯಾದೆಯಲ್ಲ. ದಿನಚರಿ ಬರೆಯುತ್ತೀರಲ್ಲ, ತೆಗೆದು ನೋಡಬಾರದೇ ಎಂದರೆ, ನೋಡಿದೆ. ಅಂದಿನ ಪುಟದಲ್ಲಿ "ವಿಪರೀತ ಬಿಸಿಲು. ಬದನೆಕಾಯಿ ಪಲ್ಯ ಚೆನ್ನಾಗಿತ್ತು" ಎಂದಷ್ಟೇ ಇದೆ. ಬದುಕಿನ ದೊಡ್ಡ ದಿನದಂದು ಪಲ್ಯದ ಬಗ್ಗೆ ಬರೆದಿಟ್ಟವಳ ಮಾತನ್ನು ಎಷ್ಟು ನಂಬಬೇಕೋ ನೀವೇ ನೋಡಿ. ಕುರಿಗಳ ವಿಷಯದಲ್ಲಿ ಮಾತ್ರ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ನನ್ನ ಹತ್ತಿರ ಒಂದು ಸಣ್ಣ ವಿಮಾನ ಇದೆ. ಹೀಗೆಂದ ಕೂಡಲೇ ಜನ ನನ್ನನ್ನು ಶ್ರೀಮಂತಳು ಅಂದುಕೊಳ್ಳುತ್ತಾರೆ, ವಿಮಾನ ನೋಡಿದ ಕೂಡಲೇ ಅಭಿಪ್ರಾಯ ಬದಲಿಸುತ್ತಾರೆ. ಎರಡು ಸೀಟು, ಒಂದು ಎಂಜಿನ್, ಬಟ್ಟೆ ಹೊದಿಸಿದ ರೆಕ್ಕೆ, ಅದೂ ಯಾರೋ ಬಳಸಿ ಬಿಟ್ಟದ್ದು. "ಆಟೋಕ್ಕ ರೆಕ್ಕಿ ಕಟ್ಟಿದಂಗೈತಿ" ಎಂದು ನಮ್ಮ ಕಾಲೇಜಿನ ಜವಾನರು ಹೇಳಿದ್ದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಎಂ.ಎಸ್ಸಿ. ಓದುವಾಗ ಹಾರುವುದು ಕಲಿತೆ. ಮದುವೆ, ಮಕ್ಕಳು, ಉತ್ತರಪತ್ರಿಕೆ ಇವುಗಳ ನಡುವೆ ಬಿಟ್ಟೆ. ಐವತ್ತು ದಾಟಿದ ಮೇಲೆ ಮತ್ತೆ ಹಿಡಿದೆ. ಈ ವಯಸ್ಸಿನಲ್ಲಿ ಉಳಿದವರು ಯೋಗಾಸನ ಹಿಡಿಯುತ್ತಾರೆ. ಇದಕ್ಕೆ ಬೇಕಾದ ಅನುಮತಿಗಳ ಕತೆ ಬೇರೆಯೇ ಇದೆ. ಅದನ್ನು ಹೇಳಲು ಕೂತರೆ ಈ ಪ್ರಬಂಧ ಮುಗಿಯುವವರೆಗೂ ವಿಮಾನ ನೆಲ ಬಿಡುವುದಿಲ್ಲ.

ವಿಮಾನ ಮೊದಲು ಹರಪನಹಳ್ಳಿ ಕಡೆ ಒಬ್ಬ ಪರಿಚಯದವರ ಬಯಲಿನಲ್ಲಿತ್ತು. ಅವರು ಅಲ್ಲಿ ಕಲ್ಯಾಣಮಂಟಪ ಕಟ್ಟಲು ಹೊರಟರು. "ಮೇಡಂ, ಬೇಕಾದ್ರೆ ಮಂಟಪದ ಬಾಗಿಲಲ್ಲಿ ಅಲಂಕಾರಕ್ಕೆ ನಿಲ್ಲಿಸೋಣ" ಎಂದೂ ಅಂದರು. ನನ್ನ ವಿಮಾನದ ಮುಂದೆ ನಿಂತು ಮದುಮಕ್ಕಳು ಫೋಟೋ ತೆಗೆಸಿಕೊಳ್ಳುವುದನ್ನು ಕಲ್ಪಿಸಿಕೊಂಡೆ. ಆ ರಾತ್ರಿ ಊಟ ಸೇರಲಿಲ್ಲ. ಬೇರೆ ನೆಲ ಸಿಗದಿದ್ದರೆ ಮಾರುವುದೊಂದೇ ದಾರಿ. ಆಗ ನೆನಪಾದವಳು ಚಿಗವ್ವ. ನಮ್ಮ ಅವ್ವನ ತಂಗಿ. ಹೊಸಹಳ್ಳಿ ಹತ್ತಿರ ತಾನೇ ನಿಂತು ಒಕ್ಕಲುತನ ಮಾಡುವವಳು. ಅವಳ ಹೊಲಗಳಲ್ಲಿ ಒಂದು ಉದ್ದಕ್ಕೆ, ಮಟ್ಟಸವಾಗಿ, ಬೀಳು ಬಿದ್ದಿತ್ತು. ಅದನ್ನು ಕೇಳಲು ಅವಳ ಮನೆಗೆ ಹೋದೆ.

"ಅದರಾಗ ಏನು ಬೆಳೀತೀಯವ್ವಾ?" ಎಂದಳು.

"ಹುಲ್ಲು, ಚಿಗವ್ವ. ಕರಿಕಿ."

ಕುಡಿಯುತ್ತಿದ್ದ ಚಹಾ ಕೆಳಗಿಟ್ಟಳು. "ಹುಟ್ಟಿದಾಗಿಂದ ಕರಿಕಿ ಕಿತ್ತು ಕಿತ್ತು ನನ್ನ ಬೆರಳು ಸವದಾವ. ಈಗ ನೀರು ಹಾಕಿ ಅದನ್ನ ಬೆಳಸು ಅಂತೀಯೇನಲೇ? ಬದುವಿನ ಮ್ಯಾಲ ಹೋಗೋರು ಏನಂತಾರ? ಈಕಿಗೆ ಕೈಲಾಗವಲ್ದು, ಹೊಲ ಕೆಡಿಸಿಕೊಂಡಾಳ ಅಂತಾರ."

ನಾನು ಬಿಡಲಿಲ್ಲ. ನಮ್ಮ ಕೆಂಪು ಮಣ್ಣಿನ ಬರಿ ನೆಲದಲ್ಲಿ ವಿಮಾನ ಓಡಿಸಿದರೆ ಏಳುವ ಧೂಳಿಗೆ ಕೊಟ್ಟೂರಿನವರು ಕೆಮ್ಮಬೇಕಾಗುತ್ತದೆ, ಒಂದು ಹರಳು ಎದ್ದು ಮೂತಿಯಲ್ಲಿ ತಿರುಗುವ ಪಂಖಕ್ಕೆ ಬಡಿದರೆ ಮುಗಿಯಿತು, ಹುಲ್ಲಿನ ಬೇರು ನೆಲವನ್ನು ಹಿಡಿದಿಡುತ್ತದೆ ಎಂದೆಲ್ಲ ತರಗತಿಯಲ್ಲಿ ಹೇಳುವಂತೆ ಹೇಳಿದೆ. ಆದರೆ ಹುಲ್ಲು ಉದ್ದ ಬೆಳೆದರೆ ಗಾಲಿಯನ್ನು ಹಿಡಿದೆಳೆಯುತ್ತದೆ, ವೇಗ ಬರುವುದಿಲ್ಲ. ಬೋಳೂ ಆಗಬಾರದು, ಜಡೆಯೂ ಆಗಬಾರದು, ಮಿಷಿನ್ ಹೊಡೆಸಿದ ತಲೆಯ ಹಾಗಿರಬೇಕು. ಚಿಗವ್ವ ಎಲ್ಲ ಕೇಳಿ ತೀರ್ಪು ಕೊಟ್ಟಳು.

"ಮಿರಗದ ಮಳಿ ತನಕ ಹೊಲ ನಿಂದು. ಅಷ್ಟರಾಗ ನಿನ್ನ ವಿಮಾನ ಇಲ್ಲಿಂದ ಎದ್ದು ತಿರುಗಿ ಇಲ್ಲೇ ಬಂದು ಇಳೀತೋ, ಇಟ್ಕೋ. ಇಲ್ಲಂದ್ರ ಹರಗಿ ಸಜ್ಜಿ ಹಾಕ್ತೀನಿ. ಆಮ್ಯಾಲ ಅತ್ರ ನಡಿಯಂಗಿಲ್ಲ."

ಮಿರಗ ಅಂದರೆ ಮೃಗಶಿರಾ ಮಳೆ, ಜೂನ್ ಮೊದಲಿಗೆ. ರೆಕ್ಕೆ ಬಿಚ್ಚಿದ ವಿಮಾನ ಲಾರಿಯಲ್ಲಿ ಬಂತು. ಗರಿಕೆಯೂ ಹಬ್ಬಿತು, ಕೀಳಬೇಕೆಂದಾಗ ಹಬ್ಬುವಷ್ಟು ಜೋರಾಗಿ ಅಲ್ಲದಿದ್ದರೂ. ಅದನ್ನು ಗಿಡ್ಡ ಮಾಡಲು ಕುರಿ ಮೇಯಿಸುವುದು ನನ್ನ ಉಪಾಯ. ಅದರ ಬಗ್ಗೆ ನನಗಿದ್ದ ಹೆಮ್ಮೆಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಹಿಂಡಿನ ಯಜಮಾನ ಮೈಲಪ್ಪನನ್ನು ನಾನೇ ಹೋಗಿ ಕರೆದೆ. ಅವನಿಗೆ ನಂಬಿಕೆ ಬರಲಿಲ್ಲ.

"ಹೊಲದಾಗ ಕುರಿ ಬಿಟ್ರ ಮಂದಿ ಬಡಿಗಿ ಹಿಡಕೊಂಡು ಬರ್ತಾರ್ರಿ ಅಕ್ಕಾರ. ನೀವು ಬಾಳೆಹಣ್ಣು ಹಿಡಕೊಂಡು ಬಂದೀರಿ. ಏನರ ಐತ್ರಿ ಇದರಾಗ?"

ಕುರಿಗಳು ಅಚ್ಚುಕಟ್ಟಾಗಿ ಮೇಯ್ದವು. ರನ್‌ವೇಯ ಅರ್ಧದಲ್ಲಿ, ಅಂಚಿಗೆ ನಾನು ಸುಣ್ಣ ಬಳಿದ ಒಂದು ಕಲ್ಲು ನೆಟ್ಟಿದ್ದೆ. ಆ ಕಲ್ಲು ಬರುವುದರೊಳಗೆ ಸಾಕಷ್ಟು ವೇಗ ಬರದಿದ್ದರೆ ಹಾರುವ ಆಸೆ ಬಿಟ್ಟು ಎಂಜಿನ್ನಿನ ವೇಗ ಇಳಿಸಿ ನಿಲ್ಲಿಸಬೇಕು. ಹುಲ್ಲಿನಿಂದ ಏರುವವರೆಲ್ಲ ಪಾಲಿಸುವ ನಿಯಮ ಅದು. ಮುಂದಿನ ವಾರ ನೋಡಿದರೆ ಮೈಲಪ್ಪ ಆ ಕಲ್ಲಿಗೆ, ದೇವರಿಗೆ ಹಚ್ಚುವ ಹಾಗೆ, ಅರಿಸಿನದ ಭಂಡಾರ ಹಚ್ಚಿದ್ದ. ಒರೆಸದೆ ಹಾಗೇ ಬಿಟ್ಟೆ. ಆ ಕಲ್ಲಿನಿಂದ ನಾನು ಬಯಸಿದ್ದೂ ಹೆಚ್ಚುಕಡಿಮೆ ಕಾಪಾಡು ಎಂದೇ.

ಅಷ್ಟರಲ್ಲಿ ಭರಣಿ ಮಳೆ ಸುರಿಯಿತು, ಮೈಲಪ್ಪ ಹಿಂಡನ್ನು ಹಸಿ ನೆಲ ಬಿಡಿಸಿ ಗುಡ್ಡದ ಕಡೆ ಹೊಡೆದುಕೊಂಡು ಹೋದ. ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ನನ್ನ ರನ್‌ವೇ ಆ ಗಾದೆಯನ್ನು ಅಕ್ಷರಶಃ ಪಾಲಿಸಿತು. ಅಕ್ಕಪಕ್ಕದ ಬದುಗಳಲ್ಲಿ ಹುಲ್ಲು ಆಗಷ್ಟೇ ಕಣ್ಣು ಬಿಡುತ್ತಿದ್ದರೆ, ನನ್ನ ಪಟ್ಟಿಯಲ್ಲಿ ಕಡುಹಸಿರಾಗಿ, ಮೊಣಕಾಲಿಗೆ ತಾಗುವಂತೆ ಎದ್ದು ನಿಂತಿತ್ತು. ಮಳೆಯ ಮಹಿಮೆ ಅಂದುಕೊಂಡೆ. ಆದರೂ ಹಟ. ಮಿರಗ ಹತ್ತಿರವಾಗುತ್ತಿತ್ತು. ಒಂದು ಬೆಳಿಗ್ಗೆ ಎಂಜಿನ್ ಹಚ್ಚಿ ಓಡಿಸಿಯೇಬಿಟ್ಟೆ. ವಿಮಾನ ಪಾಯಸದಲ್ಲಿ ಸೌಟು ಆಡಿಸಿದ ಹಾಗೆ ಸಾಗಿತು. ಕಲ್ಲು ಬಂತು, ವೇಗ ಬರಲಿಲ್ಲ. ನಿಲ್ಲಿಸಿದೆ. ಬದುವಿನ ಮೇಲೆ ನೋಡಲು ಕೂತವರಲ್ಲಿ ಒಬ್ಬ ಹಿರಿಯರು ಕೂಗಿ ಕೇಳಿದರು.

"ಮೇಡಮ್ಮಾರ, ಹಗರಿಬೊಮ್ಮನಹಳ್ಳಿ ಸಂತಿಗೆ ಹೊಂಟೀರೇನ್ರಿ? ಹಿಂಗಾ ರೋಡಿಗೆ ಹಚ್ಚಿಬಿಡ್ರಿ, ಬಸ್ಸಿನಕಿಂತ ಜಲ್ದಿ ಮುಟ್ಟತೈತಿ!"

ಸಂಜೆ ಚಿಗವ್ವ ಪಡಸಾಲೆಯಲ್ಲಿ ಕೂತು ಬಿತ್ತನೆಯ ಸಜ್ಜೆಯನ್ನು ಮೊರದಲ್ಲಿ ಕೇರತೊಡಗಿದಳು. ಆ ಸದ್ದಿಗಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಕಾಲೇಜಿಗೆ ರಜೆ ಹಾಕಿ ಕುಡುಗೋಲು ಹಿಡಿದು ರನ್‌ವೇಗೆ ಇಳಿದೆ. ನ್ಯೂಟನ್ನನ ನಿಯಮಗಳು ಸೊಂಟಕ್ಕೆ ಹೇಗೆ ಅನ್ವಯಿಸುತ್ತವೆ ಎಂದು ಅವತ್ತು ಅರ್ಥವಾಯಿತು. ಮೂಲೆಯೊಂದನ್ನು ಮುಗಿಸುವಷ್ಟರಲ್ಲಿ ಚಿಗವ್ವನೂ ತನ್ನ ಕುಡುಗೋಲು ತಂದಳು. "ನೀ ಹಿಂಗ ಕೊಯ್ದರ ಮುಂದಿನ ವರ್ಷದ ಮಿರಗ ಬರತೈತಿ. ಸರಿ ಅತ್ತಾಗ," ಎಂದು ಸೀರೆ ಎತ್ತಿ ಕಟ್ಟಿದಳು. ಕೊಯ್ದ ಹುಲ್ಲೆಲ್ಲ ಅವಳ ಎಮ್ಮೆಗಳಿಗೆ ಹೋಯಿತು. ಬಿಸಿಲು ನೆಲವನ್ನು ಗಟ್ಟಿ ಮಾಡಿತು.

ಹಾರುವ ದಿನ ಚಿಗವ್ವ ಗಾಲಿಯ ಮುಂದೆ ಕಾಯಿ ಒಡೆಯಲು ಬಂದಳು. ಚೂರು ಸಿಡಿದು ಪಂಖಕ್ಕೆ ಬಿದ್ದರೆ ನಾನೂ ಕಾಯಿಯೂ ಒಟ್ಟಿಗೇ ಒಡೆಯುತ್ತೇವೆ ಎಂದು ವಿವರಿಸಿ, ನಿಂಬೆಹಣ್ಣಿಗೆ ಒಪ್ಪಿಸಿದೆ. ವಿಮಾನ ನಡೆಸುವ ಕೋಲನ್ನು ಎದೆಗೆಳೆದುಕೊಂಡು, ಮೂತಿ ಎತ್ತಿಸಿ ಓಡಿಸಿದೆ. ಭಂಡಾರದ ಕಲ್ಲು ಪಕ್ಕದಲ್ಲಿ ಸರಿಯಲಿಲ್ಲ, ಕೆಳಗೆ ಸರಿಯಿತು. ಒಂದು ಕಡೆ ಕೊಟ್ಟೂರು, ಇನ್ನೊಂದು ಕಡೆ ಹಗರಿಬೊಮ್ಮನಹಳ್ಳಿಗೆ ಹೋಗುವ ರೈಲುಹಳಿ, ದೂರದಲ್ಲಿ ಹಡಗಲಿ ದಿಕ್ಕಿಗೆ ನೀರಿನ ಒಂದು ಹೊಳಪು. ಹಾಡಿದೆನೋ, ಅತ್ತೆನೋ ಹೇಳಲಾರೆ. ಎಂಜಿನ್ನಿನ ಸದ್ದಿನಲ್ಲಿ ನನಗೇ ಕೇಳಿಸಿರಲಿಕ್ಕಿಲ್ಲ.

ಇಳಿಯಲೆಂದು ತಿರುಗಿ ಬಂದು ನೋಡಿದರೆ ರನ್‌ವೇ ತುಂಬ ಕುರಿ! ವಿಮಾನ ಹೋಯಿತಲ್ಲ, ಹೊಲ ಖಾಲಿಯಾಯಿತಲ್ಲ ಎಂದು, ಗುಡ್ಡದಿಂದ ತಿರುಗಿ ಬಂದಿದ್ದ ಮೈಲಪ್ಪ ಹಿಂಡು ಬಿಟ್ಟಿದ್ದ. ಹೋದದ್ದು ತಿರುಗಿ ಬರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ಮೇಲಿದ್ದೆ. ಸುತ್ತು ಹಾಕಿದೆ, ಮತ್ತೆ ಸುತ್ತು ಹಾಕಿದೆ, ಪೆಟ್ರೋಲಿನ ಮುಳ್ಳು ನೋಡಿದೆ. ಕೆಳಗೆ ಚಿಗವ್ವ ಸೆರಗು ಹಾರಿಸುತ್ತ, ಬಡಿಗೆ ಬೀಸುತ್ತ, ಕುರಿಗಳನ್ನೂ ಮೈಲಪ್ಪನನ್ನೂ ಒಟ್ಟಿಗೇ ಬದುವಿನಾಚೆ ಅಟ್ಟುವುದು ಕಂಡಿತು. ನಾನು ಕುಪ್ಪಳಿಸುತ್ತ ಇಳಿದೆ. ಮಿರಗಕ್ಕೆ ಇನ್ನೂ ದಿನವಿತ್ತು. ಹೊಲ ನನ್ನದಾಯಿತು.

ಮೈಲಪ್ಪ ಕೈ ಮುಗಿಯುತ್ತ ಬಂದ. "ತಪ್ಪಾತ್ರಿ ಅಕ್ಕಾರ. ನಮ್ಮ ಕುರಿಗೂ ಈ ಹೊಲ ರೂಢಿ ಆಗೇತ್ರಿ. ಹಗಲು ಮೇಯಿಸು ಅಂದ್ರಿ ನೀವು. ರಾತ್ರಿನೂ ಇಲ್ಲೇ ತರುಬು, ಗೊಬ್ಬರಾಕ್ಕತಿ ಅಂದ್ರು ನಿಮ್ಮ ಚಿಗವ್ವಾರು. ಬ್ಯಾಸಗಿ ತುಂಬ ಇಲ್ಲೇ ಮಲಗ್ಯಾವ್ರಿ."

ಕಡುಹಸಿರು ಹುಲ್ಲಿನ ಮರ್ಮ ತಿಳಿಯುವುದಕ್ಕೆ, ಸ್ನಾತಕೋತ್ತರ ಪದವಿ ಇದ್ದೂ, ನನಗೆ ಅಷ್ಟು ದಿನ ಬೇಕಾಯಿತು. ಈಗ ವಾರಕ್ಕೊಮ್ಮೆ ಹಾರುತ್ತೇನೆ. ಚಿಗವ್ವ ರನ್‌ವೇಯ ಎರಡೂ ಮಗ್ಗುಲಿಗೆ ಸಜ್ಜೆ ಹಾಕಿದ್ದಾಳೆ. ಪಟ್ಟಿ ಮೊದಲಿಗಿಂತ ಇಕ್ಕಟ್ಟಾಗಿದೆ ಅನ್ನಿಸುತ್ತದೆ. ಅಳೆದು ನೋಡುವ ಧೈರ್ಯವಿಲ್ಲ. ಕಳೆದ ಭಾನುವಾರ ಇಳಿದವಳೇ ಅವಳ ಪಕ್ಕ ಬದುವಿನ ಮೇಲೆ ಕೂತು ಕೇಳಿದೆ.

"ಚಿಗವ್ವ, ಖರೇ ಹೇಳು. ಕುರಿ ರಾತ್ರಿ ತರುಬಿಸಿದ್ದು ನನ್ನ ಹುಲ್ಲು ಚಲೋ ಬರ್ಲಿ ಅಂತೋ, ನಿನ್ನ ಸಜ್ಜಿ ಚಲೋ ಬರ್ಲಿ ಅಂತೋ?"

ಚಿಗವ್ವ ಪಕ್ಕದ ಸಜ್ಜೆಯ ಒಂದು ತೆನೆ ಮುರಿದು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಕಾಳನ್ನು ನನ್ನ ಕೈಗೆ ಸುರಿದಳು. "ತಿನ್ನು, ಹಾಲುಗಾಳು ಅದಾವ," ಎಂದು ಎಮ್ಮೆ ಹಿಂಡಲು ಎದ್ದು ಹೋದಳು.