ಬಜ್ಪೆಗೆ ಮೂರು ದಾರಿ

ಬಹರೈನಿನಿಂದ ಬೊಂಬಾಯಿಗೆ ಬರುವುದು ಸುಲಭ. ಬೊಂಬಾಯಿಯಿಂದ ಮಂಗಳೂರಿನ ವಿಮಾನನಿಲ್ದಾಣ ಬಜ್ಪೆಗೆ ಬರುವುದು ಇನ್ನೂ ಸುಲಭ, ಒಂದು ಚಾ ಕುಡಿದು ಕಿಟಕಿಯಿಂದ ಕೆಳಗೆ ನೋಡುವಷ್ಟರಲ್ಲಿ ಬಂತು ಎಂದು ನಮ್ಮವರು ಹೇಳುತ್ತಾರೆ. ಆದರೆ ಬಜ್ಪೆಯಿಂದ ಕಾರ್ಕಳದ ಹತ್ತಿರದ ನಮ್ಮ ಕುಕ್ಕುಂದೂರಿಗೆ ಬರುವುದುಂಟಲ್ಲ, ಅದಕ್ಕೆ ಮಾತ್ರ ಪೂರ್ವಜನ್ಮದ ಪುಣ್ಯ ಬೇಕು. (ನಾವು ಇಗರ್ಜಿಗೆ ಹೋಗುವವರು, ನಮಗೆ ಪೂರ್ವಜನ್ಮ ಇಲ್ಲ. ಬಸ್ಸು ಸಿಗದಿರುವುದು ಅದಕ್ಕೇ ಇರಬೇಕು.)

ಬಸ್ಸು ಇಲ್ಲವೆಂದಲ್ಲ, ಉಂಟು. ಹೋಗುವ ಬಸ್ಸು ವಿಮಾನ ಹಾರಿದ ಮೇಲೆ ಬಜ್ಪೆಗೆ ಮುಟ್ಟುತ್ತದೆ. ಬರುವ ಬಸ್ಸು ವಿಮಾನ ಇಳಿಯುವ ಮೊದಲೇ ಬಜ್ಪೆಯಿಂದ ಹೊರಡುತ್ತದೆ. ಬಸ್ಸನ್ನು ವಿಮಾನಕ್ಕೆ ಹೊಂದಿಸಬೇಕೆಂದು ನನ್ನ ಗಂಡನ ಅಣ್ಣ ಬ್ಯಾಪ್ಟಿಸ್ಟ್ ಭಾವ ಮನವಿಯ ಮೇಲೆ ಮನವಿ ಬರೆದು, ಕಂಡಕಂಡವರ ಸಹಿ ಹಾಕಿಸಿ, ಯಾರ್ಯಾರಿಗೋ ಕಳಿಸಿ ಸುಸ್ತಾದರು. ಕೊನೆಗೆ ಯಾರೋ ಒಬ್ಬರು, ಅದಕ್ಕಿಂತ ವಿಮಾನವನ್ನು ಬಸ್ಸಿಗೆ ಹೊಂದಿಸುವುದೇ ಸುಲಭ ಮಾರಾಯ್ರೆ ಎಂದರಂತೆ. ಅಂದಿನಿಂದ ಭಾವ ಸರಕಾರದ ಮೇಲೆ ಸಿಟ್ಟು ಮಾಡಿಕೊಂಡು ಬಾಡಿಗೆ ವ್ಯಾನಿನ ಪಕ್ಷಕ್ಕೆ ಸೇರಿದ್ದಾರೆ.

ಆದರೆ ನನ್ನ ದುಃಖ ಬಸ್ಸಿನದ್ದಲ್ಲ, ಕಳಿಸಿಕೊಡುವುದರದ್ದು. ನಮ್ಮ ಕಡೆ ಗಲ್ಫಿಗೆ ಒಬ್ಬ ಹೊರಟರೆ ಅವನನ್ನು ಬಜ್ಪೆವರೆಗೆ ಮುಟ್ಟಿಸಲು ಊರಿಗೆ ಊರೇ ಹೊರಡಬೇಕು. ಬಾರದವನಿಗೆ ಪ್ರೀತಿ ಇಲ್ಲವೆಂದು ಲೆಕ್ಕ. ಕಳೆದ ಸಲ ಒಂದೇ ವ್ಯಾನಿನಲ್ಲಿ ಎಷ್ಟು ಜನ ತುಂಬಿದ್ದರೆಂದರೆ, ಹೊರಡುವ ಮನುಷ್ಯನಿಗೇ ಸೀಟಿಲ್ಲದೆ ಅವರು ತಮ್ಮದೇ ಪೆಟ್ಟಿಗೆಯ ಮೇಲೆ ಕೂತರು. ನಾನು ಹಿಂದಿನ ಮೂಲೆಯಲ್ಲಿದ್ದೆ. ದಾರಿಯುದ್ದಕ್ಕೂ ಜನರ ಹೆಗಲುಗಳ ಎಡೆಯಲ್ಲಿ ನನಗೆ ಕಂಡದ್ದು ಗಂಡನ ಬಲಗಿವಿ ಮಾತ್ರ. ಎರಡು ವರ್ಷಕ್ಕೆಂದು ಹೊರಡುವ ಮೊದಲು ಅವರು ನನ್ನ ಹತ್ತಿರ ಆಡಿದ ಕೊನೆಯ ಮಾತು, "ಬ್ಯಾಗಿನ ಚಾವಿ ಎಲ್ಲಿ?"

ಮನೆಯಲ್ಲಿಯೇ ಮಾತಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನೀವು ನಮ್ಮ ಮನೆಗೆ ಬಂದಿಲ್ಲ. ರಜೆಯಲ್ಲಿ ಬಂದ ಮನುಷ್ಯನನ್ನು ನೋಡಲು ಬೆಳಿಗ್ಗೆ ಗಂಜಿಯ ಹೊತ್ತಿಗೆ ಶುರುವಾದ ಜನ ರಾತ್ರಿ ಊಟ ಮುಗಿಸಿಯೇ ಏಳುವುದು. ಆಮೇಲೆ ಕೋಣೆಗೆ ಹೋದರೆ ನಮ್ಮದು ಹಂಚಿನ ಮನೆ, ಗೋಡೆ ಮಾಡಿನವರೆಗೆ ಏರಿಲ್ಲ. ಆಚೆ ಕೋಣೆಯಲ್ಲಿ ನನ್ನ ಅತ್ತೆ ಕಾನ್ಸೆಪ್ಟಾಬಾಯಿ. ಒಮ್ಮೆ ನಾನು ಪಿಸುಮಾತಿನಲ್ಲಿ, ಇನ್ನು ಎಷ್ಟು ವರ್ಷ ಅಂತ ಹೀಗೆ ಎಂದು ಕೇಳಿದ್ದೇ ತಡ, ಗೋಡೆಯ ಆಚೆಯಿಂದ ಅತ್ತೆ, ದೇವರ ಚಿತ್ತ ಇರುವಷ್ಟು ಎಂದು ಉತ್ತರಿಸಿದರು. ಆಮೇಲೆ ನಾನು ಕೇಳಲಿಲ್ಲ.

ಕೇಳಬೇಕಾದದ್ದು ಅದೊಂದೇ ಇತ್ತು. ಇವರು, ಎಂದರೆ ವಲೇರಿಯನ್, ಅಲ್ಲಿ ಏರ್‌ಕಂಡೀಷನ್ ರಿಪೇರಿಗೆ ಹೋಗಿ ಎಂಟು ವರ್ಷವಾಯಿತು. ನಮ್ಮ ಮಗಳು ಆನಿ ಈ ಸಲ ಅಪ್ಪನನ್ನು ಕಂಡವಳೇ ನನ್ನ ಸೀರೆಯ ಹಿಂದೆ ಅಡಗಿ, ಇವರು ಯಾವಾಗ ಹೋಗುವುದು ಎಂದು ಕೇಳಿದಳು. ಎಲ್ಲರೂ ನಕ್ಕರು. ಇವರೂ ನಕ್ಕರು, ಆದರೆ ಆ ಮಧ್ಯಾಹ್ನ ಸರಿಯಾಗಿ ಊಟ ಮಾಡಲಿಲ್ಲ. ಅದನ್ನು ನೋಡಿ ನಾನು ನಿಶ್ಚಯ ಮಾಡಿದೆ. ಈ ಸಲ ಕೇಳಿಯೇ ಕೇಳುತ್ತೇನೆ, ಸಾಕು, ಬಂದುಬಿಡಿ, ಕಾರ್ಕಳ ಪೇಟೆಯಲ್ಲಿ ಫ್ಯಾನು ಮಿಕ್ಸಿ ರಿಪೇರಿಯ ಒಂದು ಅಂಗಡಿ ಹಾಕುವ, ಗಂಜಿಗೆ ತೊಂದರೆ ಇಲ್ಲ ಎಂದು. ಅದಕ್ಕೆ ನನಗೆ ಬೇಕಾದದ್ದು ಗೋಡೆಯ ಆಚೆ ಕಿವಿ ಇಲ್ಲದ ಒಂದು ಗಂಟೆ. ಅಂಥ ಒಂದು ಗಂಟೆ ಭೂಲೋಕದಲ್ಲಿ ಎಲ್ಲಿಯಾದರೂ ಇದ್ದರೆ ಅದು ಕುಕ್ಕುಂದೂರಿಗೂ ಬಜ್ಪೆಗೂ ನಡುವೆಯೇ ಇರಬೇಕು!

ಹಾಗೆ ನಾನು, ಆರನೆಯ ಕ್ಲಾಸು ಪಾಸಾದ ಝೀಟಾ, ವಿಮಾನನಿಲ್ದಾಣ ಭೂಸಾರಿಗೆ ಮಹಾಯೋಜನೆಯ ಏಕಮಾತ್ರ ಸದಸ್ಯೆಯಾದೆ. ಕಚೇರಿ ಒಲೆಯ ಬುಡದಲ್ಲಿ.

ಮೊದಲನೆಯ ಸಮಸ್ಯೆ ಕಾಪುವಿನಲ್ಲಿ ಕೊಟ್ಟಿರುವ ನನ್ನ ದೊಡ್ಡ ನಾದಿನಿ ತೆರೆಸಾ ಅತ್ತಿಗೆಯದ್ದು. ಅವರು ಕಾಪುವಿನಿಂದ ಗಂಡ, ಮಕ್ಕಳು, ಸೊಸೆ ಎಲ್ಲರನ್ನೂ ಕಟ್ಟಿಕೊಂಡು ಮೊದಲು ಕುಕ್ಕುಂದೂರಿಗೆ ಬಂದು, ಇಲ್ಲಿ ತಿಂಡಿ ತಿಂದು, ಆಮೇಲೆ ಬಜ್ಪೆಗೆ ಹೊರಡುವವರು. ಮೂಗು ಹಿಡಿಯಲು ತಲೆಯ ಹಿಂದಿನಿಂದ ಕೈ ತಂದ ಹಾಗೆ. ನೀವು ನೇರ ಹೋಗಿ ಎಂದರೆ, ತಮ್ಮನ ಮನೆಗೆ ಬರಬೇಡ ಎಂದಳು ಎಂದು ಇಡೀ ಕಾಪುವಿಗೆ ಗೊತ್ತಾಗುತ್ತದೆ. ನಾನು ಹೇಳಿ ಕಳಿಸಿದೆ: ಅತ್ತಿಗೆ, ಇವರಿಗೆ ಹಾಕಲು ನಿಮ್ಮ ಹತ್ತಿರದ ಶಂಕರಪುರದ ಮಲ್ಲಿಗೆಯೇ ಆಗಬೇಕು, ಅದನ್ನು ಆರಿಸಿ ತರಲು ನಿಮ್ಮಷ್ಟು ತಿಳಿದವರು ಬೇರೆ ಇಲ್ಲ, ಕುಕ್ಕುಂದೂರಿಗೆ ತಂದರೆ ಬಾಡುತ್ತದೆ. ಅತ್ತಿಗೆ ಆ ಕೂಡಲೇ ಮೂಲ್ಕಿ ದಾರಿಯಲ್ಲಿ ನೇರ ಬಜ್ಪೆಗೆ ಎಂದು ಒಪ್ಪಿದರು. ಕಿನ್ನಿಗೋಳಿಯಲ್ಲಿ ಆ ದಾರಿಯೂ, ನಾವಿಬ್ಬರೇ ಒಂದು ಕಾರಿನಲ್ಲಿ ಹೋಗಬೇಕೆಂದು ನಾನು ಇಟ್ಟುಕೊಂಡ ನಿಟ್ಟೆಯ ದಾರಿಯೂ ಕೂಡುತ್ತವೆ, ಅದಕ್ಕೆ ಅವರಿಗೆ ಸ್ವಲ್ಪ ತಡವಾಗಿ ಹೊರಡಲು ಹೇಳಿದೆ. ಮಲ್ಲಿಗೆಗೆ ಬಿಸಿಲು ಆಗುವುದಿಲ್ಲವೇ ಎಂದು ಕೇಳಿದರು. ಒದ್ದೆ ಬಟ್ಟೆ ಸುತ್ತಿ ಎಂದೆ.

ಬ್ಯಾಪ್ಟಿಸ್ಟ್ ಭಾವನಿಗೆ ವ್ಯಾನಿನ ಪೂರ್ಣಾಧಿಕಾರ ಕೊಟ್ಟೆ. ಅಷ್ಟು ಜನರನ್ನು ಸಂಭಾಳಿಸಲು ಬೇರೆ ಯಾರಿಂದ ಸಾಧ್ಯ, ದೊಡ್ಡ ಗಾಡಿಗೆ ಮೂಡುಬಿದಿರೆಯ ದಾರಿಯೇ ಒಳ್ಳೆಯದು ಅಲ್ವಾ ಎಂದು ಕೇಳಿದೆ. ಅದು ತಮ್ಮದೇ ವಿಚಾರವೆಂದು ಭಾವ ಸಂಜೆಯೊಳಗೆ ನಾಲ್ಕು ಮನೆಗೆ ಹೇಳಿ ಬಂದರು.

ಉಳಿದದ್ದು ಅತ್ತೆ. ಮಗನ ಕಾರು ಬಿಟ್ಟು ಅವರು ವ್ಯಾನಿಗೆ ಹತ್ತುವುದೆಂದರೆ ಸೂರ್ಯ ಪಡುವಣದಲ್ಲಿ ಹುಟ್ಟಬೇಕು. ನಾನು ತಲೆ ತಗ್ಗಿಸಿ ಹೇಳಿದೆ, "ಮಾಂಯ್, ವ್ಯಾನಿನಲ್ಲಿ ಇಪ್ಪತ್ತು ಜನ ಉಂಟು, ಜಪಮಾಲೆ ಹೇಳಿಸುವವರು ಒಬ್ಬರಿಲ್ಲ. ದಾರಿಯುದ್ದಕ್ಕೂ ಸಿನೆಮಾ ಮಾತು ಆಡುತ್ತಾರೆ." ಅತ್ತೆ ಎದ್ದು ಮೊಳೆಯಲ್ಲಿದ್ದ ಜಪಮಾಲೆ ತೆಗೆದುಕೊಂಡರು. ಆಮೇಲೆ, ಮುಂದಿನ ಸೀಟು ನನಗೆ, ಆನಿ ನನ್ನ ತೊಡೆಯಲ್ಲಿ ಎಂದರು. ನಾನು ಅಡುಗೆಮನೆಗೆ ಹೋಗಿ ಶಿಲುಬೆಯ ಗುರುತು ಮಾಡಿಕೊಂಡೆ.

ಕಾರು ಇಗರ್ಜಿಯ ಪಕ್ಕದ ಅಲೆಕ್ಸಾಂಡರ್ ಡಾಕ್ಟ್ರದ್ದು. ಡಾಕ್ಟ್ರಿಗೆ ಇವರು ಟೇಪ್‌ರೆಕಾರ್ಡರ್ ತಂದುಕೊಟ್ಟಿದ್ದರು, ಹಾಗಾಗಿ ಅಂಬಾಸಿಡರ್ ಕೇಳಲು ನಾಚಿಕೆಯಾಗಲಿಲ್ಲ. ಅವರ ಡ್ರೈವರ್ ಶೇಖರನೂ ಒಂದು ಜೋಡಿ ಕಿವಿಯೇ ಅಲ್ಲವೇ? ಅವನನ್ನೂ ವ್ಯಾನಿಗೆ ಹತ್ತಿಸಿದೆ. ಬಹರೈನಿನಲ್ಲಿ ಕಂಪೆನಿಯ ಜೀಪು ಓಡಿಸುವ ಮನುಷ್ಯನಿಗೆ ಬಜ್ಪೆ ಎಂತ ದೊಡ್ಡದು, ಬರುವಾಗ ಕಾರನ್ನು ಶೇಖರ ತರಲಿ ಎಂದೆ. ಇಷ್ಟೆಲ್ಲ ಎರಡು ದಿನದಲ್ಲಿ, ಒಬ್ಬರ ಮನಸ್ಸೂ ನೋಯಿಸದೆ, ದೋಸೆ ಮಗುಚುತ್ತಾ ಮಾಡಿದೆ. ನನ್ನ ಮೇಲೆ ನನಗೇ ಗೌರವ ಬಂತು.

ಹೊರಟ ದಿನ ಎಲ್ಲವೂ ಯೋಜನೆಯಂತೆ ನಡೆಯಿತು. ವ್ಯಾನು ಮೂಡುಬಿದಿರೆಯ ಕಡೆ ತಿರುಗಿತು, ನಾವು ನಿಟ್ಟೆಯ ಕಡೆ ತಿರುಗಿದೆವು. ಮದುವೆಯಾದ ಮೇಲೆ ಮೊದಲ ಬಾರಿಗೆ ನಾನೂ ಇವರೂ ಇಬ್ಬರೇ. ನನಗೆ ಕುತ್ತಿಗೆಯವರೆಗೆ ಮಾತು ಬಂದಿತ್ತು.

ಆದರೆ ಒಂದು ಸಂಗತಿಯನ್ನು ಮಹಾಯೋಜನೆ ಗಮನಿಸಿರಲಿಲ್ಲ. ಬಹರೈನಿನಲ್ಲಿ ಗಾಡಿಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವಂತೆ. ಸ್ವಲ್ಪ ಮೈಮರೆತರೆ ಸಾಕು, ಇವರು ಕಾರನ್ನು ಬಲಕ್ಕೆ ತೆಗೆದುಕೊಂಡು ಹೋಗಿ ಎದುರಿನ ಬಸ್ಸಿನ ಮೂಗಿಗೆ ಹಿಡಿಯುತ್ತಿದ್ದರು. ಗೇರು ಹಾಕಬೇಕಾದಾಗಲೆಲ್ಲ ಬಲಗೈಯಿಂದ ಬಾಗಿಲಿಗೆ ಗುದ್ದುತ್ತಿದ್ದರು. ಎಂಟು ವರ್ಷದಿಂದ ಕೂಡಿಟ್ಟ ಮಾತುಗಳನ್ನು ಹಿಡಿದುಕೊಂಡು ಕೂತ ನಾನು ನಿಟ್ಟೆಯಿಂದ ಬೆಳ್ಮಣ್ಣಿನವರೆಗೆ ಹೇಳಿದ್ದು "ಎಡಕ್ಕೆ", ಬೆಳ್ಮಣ್ಣಿನಿಂದ ಕಿನ್ನಿಗೋಳಿಯವರೆಗೆ ಹೇಳಿದ್ದು "ಎಡಕ್ಕೆ, ಎಡಕ್ಕೆ". ಗಂಟೆ ಕರಗಿಹೋಗುತ್ತಿತ್ತು. ಕಿನ್ನಿಗೋಳಿ ದಾಟಿದ ಮೇಲೆ ಎಳನೀರು ಮಾರುವವನನ್ನು ಕಂಡು ನಾನೇ, ಬೊಂಡ ಕುಡಿಯುವ ಎಂದು ಕಾರು ನಿಲ್ಲಿಸಿದೆ.

ಬೊಂಡ ಕುಡಿದು ಕಾರಿನಲ್ಲಿ ಕೂತೆವು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ, ಝೀಟಾ, ಒಂದು ವಿಷಯ ಹೇಳಲಿಕ್ಕುಂಟು, ಮನೆಯಲ್ಲಿ ಆಗಲಿಲ್ಲ ಎಂದರು. ಅವರ ಮನಸ್ಸಿನಲ್ಲಿಯೂ ಅದೇ ಉಂಟು ಎಂದುಕೊಂಡೆ.

ಇತ್ತು ಮಾರಾಯ್ರೆ, ಅದೇ ಇತ್ತು. ಕಂಪೆನಿಯವರು ಇನ್ನೂ ಐದು ವರ್ಷದ ಕರಾರಿಗೆ ಸಹಿ ಹಾಕು ಎಂದು ಕೇಳಿದ್ದರಂತೆ. ಇವರು, ಊರಿಗೆ ಹೋಗಿ ನೋಡಿ ಬಂದು ಹೇಳುತ್ತೇನೆ ಎಂದಿದ್ದರಂತೆ. ಆನಿ ಗುರುತು ಹಿಡಿಯದೆ ಹೋದ ದಿನ, ಇನ್ನು ಸಾಕು, ಬಿಟ್ಟು ಬರುವುದೇ ಸರಿ ಎಂದು ಮನಸ್ಸು ಮಾಡಿದ್ದರಂತೆ.

"ನನಗೆ ಹೆದರಿಕೆ ಇದ್ದದ್ದು ನಿನ್ನದೇ," ಎಂದರು. "ಈ ಅಮ್ಮ, ಈ ಅಣ್ಣ, ಈ ಅಕ್ಕ, ಇವರ ನಡುವೆ ನೀನು ಒಬ್ಬಳೇ ಹೇಗೆ ಇರುತ್ತಿ ಎಂದು. ಆದರೆ ಈ ಎರಡು ದಿನ ನೋಡಿದೆ. ಅಮ್ಮನನ್ನು ನೀನು ವ್ಯಾನಿಗೆ ಹತ್ತಿಸಿದಿ! ನನ್ನ ಅಪ್ಪನ ಕೈಯಿಂದಲೂ ಆಗದ ಕೆಲಸ ಅದು. ಇನ್ನು ನನಗೆ ಧೈರ್ಯ ಬಂತು. ಹೋದ ಕೂಡಲೇ ಸಹಿ ಹಾಕುತ್ತೇನೆ."

ನಾನು ಅವರ ಕೈ ಹಿಡಿದು, ನನ್ನಿಂದ ಎಂತದ್ದೂ ಆಗುವುದಿಲ್ಲ, ನನಗೆ ಎಂತದ್ದೂ ತಿಳಿಯುವುದಿಲ್ಲ ಎಂದೆ. ನಿನ್ನದೊಂದು ವಿನಯ ಎಂದು ನಕ್ಕರು. ಕಾರು ಹೊರಟಿತು. ನಾನು ಅಳುತ್ತಾ, ಕೊನೆಗೆ ಹೇಳಿಯೇ ಬಿಟ್ಟೆ.

"ಸಾಕು. ಬಂದುಬಿಡಿ."

"ಬರುತ್ತೇನಲ್ಲ ಮಾರಾಯ್ತಿ, ಎರಡು ವರ್ಷಕ್ಕೊಮ್ಮೆ," ಎಂದರು. ಹಾಗೆ ಹೇಳುತ್ತಾ ಬಲಕ್ಕೆ ಹೋದರು. ಎದುರಿನಿಂದ ಲಾರಿ ಬರುತ್ತಿತ್ತು. ಅಳುವಿನ ನಡುವೆಯೇ ನಾನು "ಎಡಕ್ಕೆ" ಎಂದು ಸ್ಟಿಯರಿಂಗಿಗೆ ಕೈ ಹಾಕಿದೆ. ಲಾರಿ ದಾಟಿದ ಮೇಲೆ ಅವರು ಬೆವರು ಒರೆಸಿಕೊಂಡು, ನೋಡು, ಅಳುವಾಗಲೂ ನಿನ್ನ ತಲೆ ಸರಿಯಾಗಿ ಓಡುತ್ತದೆ ಎಂದರು. ಆ ದಿನ ನನ್ನನ್ನು ಎಷ್ಟು ಅಭಿಮಾನದಿಂದ ನೋಡಿದರೆಂದರೆ, ಮದುವೆಯ ದಿನವೂ ಹಾಗೆ ನೋಡಿರಲಿಲ್ಲ.

ಕಟೀಲು ದಾಟಿದ ಮೇಲೆ ನನಗೆ ಒಂದೇ ಆಸೆ ಉಳಿಯಿತು. ಯೋಜನೆಯಲ್ಲಿ ಒಂದಾದರೂ ತಪ್ಪು ಆಗಲಿ. ವ್ಯಾನು ದಾರಿಯಲ್ಲಿ ನಿಲ್ಲಲಿ, ಮಲ್ಲಿಗೆ ಬಾಡಲಿ, ಜಪಮಾಲೆಯ ನಡುವೆ ಜಗಳ ಹುಟ್ಟಿ ಅತ್ತೆ ಇಳಿದು ನಡೆದು ಹೋಗಲಿ. ಆಗಲಾದರೂ ಇವರಿಗೆ ಹೆದರಿಕೆ ಬಂದೀತು. ನಾನು ದೇವರ ಹತ್ತಿರ ಕೆಟ್ಟದ್ದನ್ನು ಬೇಡಿದ್ದು ಅದೊಂದೇ ಸಲ.

ದೇವರು ಕೇಳಲಿಲ್ಲ. ಬಜ್ಪೆಯಲ್ಲಿ ನಾವು ಇಳಿದು ಪೆಟ್ಟಿಗೆ ತೆಗೆಯುವಾಗ ಆಚೆಯಿಂದ ವ್ಯಾನು ಬಂತು, ಹಿಂದೆಯೇ ಕಾಪುವಿನವರ ಕಾರು ಬಂತು. ಮಲ್ಲಿಗೆ ಈಗ ಕೊಯ್ದ ಹಾಗಿತ್ತು. ಜಪಮಾಲೆ ಸರಿಯಾಗಿ ಬಜ್ಪೆಯ ಗುಡ್ಡ ಹತ್ತುವಾಗ ಮುಗಿಯಿತಂತೆ. ಬ್ಯಾಪ್ಟಿಸ್ಟ್ ಭಾವ ಎಲ್ಲರೆದುರು, ಸರಕಾರದಿಂದ ಆಗದ್ದನ್ನು ನಮ್ಮ ಝೀಟಾ ಮಾಡಿದಳು ಎಂದು ಭಾಷಣ ಮಾಡಿದರು. ಅತ್ತೆ ನನ್ನ ತಲೆಯ ಮೇಲೆ ಕೈ ಇಟ್ಟು, ಇಂಥವಳ ಕೈಯಲ್ಲಿ ಮನೆ ಬಿಟ್ಟು ನೀನು ಹತ್ತು ವರ್ಷ ಬೇಕಾದರೂ ಇರು ಎಂದು ಮಗನಿಗೆ ಹೇಳಿದರು. ಇವರು ತಲೆಯಾಡಿಸಿದರು, ಆನಿಯನ್ನು ಎತ್ತಿ ಮುದ್ದಿಸಿದರು, ಒಳಗೆ ಹೋದರು. ವಿಮಾನ ಒಂದು ನಿಮಿಷವೂ ತಡವಾಗದೆ ಹಾರಿತು. ಎಲ್ಲರೂ ನನ್ನ ಮುಖ ನೋಡಿದರು, ಅದನ್ನೂ ನಾನೇ ಹಾರಿಸಿದ ಹಾಗೆ.

ಇದು ಕಳೆದು ಕೆಲವು ವಾರಗಳಾದವು. ಮೊನ್ನೆ ನೆರೆಮನೆಯ ಆಲಿಸ್ ಬಂದಳು. ಅವಳ ಗಂಡ ಜಾರ್ಜ್ ಮಸ್ಕತ್ತಿನಲ್ಲಿರುವುದು, ರಜೆ ಮುಗಿಸಿ ಹೊರಡುವವನಿದ್ದಾನೆ. ನಿನ್ನ ಮೂರು ದಾರಿಯ ವ್ಯವಸ್ಥೆಯನ್ನು ನನಗೂ ಹೇಳಿಕೊಡು ಎಂದಳು.

ನಿಮ್ಮಲ್ಲಿ ಹೇಗೆ ನಡೆಯುತ್ತದೆ ಎಂದು ನಾನು ಕೇಳಿದೆ. ಅವಳು ಮುಖ ಸಣ್ಣದು ಮಾಡಿದಳು. "ಎಂತ ಹೇಳುವುದು ಝೀಟಾ. ಎಲ್ಲರೂ ಒಂದೇ ವ್ಯಾನಿಗೆ ನುಗ್ಗುತ್ತಾರೆ. ಅತ್ತೆಗೂ ನಾದಿನಿಗೂ ಸೀಟಿಗೆ ಜಗಳ. ನಾನು ನಡುವೆ ನಿಂತು ಅಳುವುದು. ಅದನ್ನು ನೋಡಿ ಇವರು, ನಿನ್ನನ್ನು ಒಬ್ಬಳೇ ಬಿಟ್ಟು ಇರಲಿಕ್ಕೆ ಆಗುವುದಿಲ್ಲ, ಇದೇ ಕೊನೆ, ಬರುವ ವರ್ಷ ಎಲ್ಲ ಬಿಟ್ಟು ಬಂದುಬಿಡುತ್ತೇನೆ ಎನ್ನುತ್ತಾರೆ. ಕೇಳುವಾಗ ನಾಚಿಕೆಯಾಗುತ್ತದೆ. ಅದಕ್ಕೇ ನಿನ್ನ ಹಾಗೆ ಹುಷಾರಿ ಆಗಬೇಕು ಎಂದು ಬಂದೆ."

ನಾನು ಒಲೆಯ ಕಡೆ ತಿರುಗಿ ಕೊಳ್ಳಿ ಹೊರಗೆಳೆದೆ. ಆಮೇಲೆ ಹೇಳಿದೆ, "ಆಲಿಸ್, ನಿನ್ನ ಕಾಲಿಗೆ ಬೀಳುತ್ತೇನೆ, ನೀನು ಎಂತದ್ದೂ ಕಲಿಯಬೇಡ."

ಆಲಿಸ್ ಸೆರಗು ಬಿಗಿದುಕೊಂಡು ಎದ್ದಳು. ಹೆಸರು ಬಂದ ಮೇಲೆ ಎಲ್ಲರೂ ಹೀಗೆಯೇ ಎಂದು ಹೇಳಿ, ಚಾ ಅರ್ಧಕ್ಕೆ ಬಿಟ್ಟು ಹೋದಳು. ಈಗ ಇಗರ್ಜಿಯಲ್ಲಿ ನನ್ನ ಹತ್ತಿರ ಕೂತುಕೊಳ್ಳುವುದಿಲ್ಲ.