ರೊಕ್ಕ ಕಟ್ಟಿ ಬರದವರು

ಜಿಮ್ಮಿನ ಗಲ್ಲೆಯ ಮೇಲೆ ಕೂತವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬೆಳಗಾವಿಯ ಮಹಾಂತೇಶ ನಗರದ ಒಂದು ಜಿಮ್ಮಿಗೆ ನಾನು ಮ್ಯಾನೇಜರ್. ಇಪ್ಪತ್ತು ಜನ ನಿಂತರೆ ಇಪ್ಪತ್ತೊಂದನೆಯವನು ಕೈ ಎತ್ತುವಂತಿಲ್ಲ, ಅಷ್ಟೇ ಜಾಗ. ಸದಸ್ಯರು ಮಾತ್ರ ಮುನ್ನೂರು. ಮಾಲೀಕರು ಮೊದಲ ದಿನವೇ ಗುಟ್ಟು ಹೇಳಿದ್ದರು: "ತಮ್ಮಾ, ರೊಕ್ಕ ಕೊಟ್ಟಾವ ಬರಬಾರದು. ಎಲ್ಲಾರೂ ಬಂದ್ರಂದ್ರ ನಾವು ಬಾಗಲಾ ಹಾಕ್ಕೊಂಡು ಹೋಗೂದ." ಹೆಂಡತಿಯ ಬಂಗಾರ ಅಡವಿಟ್ಟು ಯಂತ್ರ ತಂದವರ ಮಾತು, ನಂಬದೆ ಏನು ಮಾಡಲಿ?

ಸಾಹೇಬರ ಲಾಭ

ತಿಂಗಳಿಗೆ ಮುನ್ನೂರು, ವರ್ಷಕ್ಕೆ ಸಾವಿರದೈನೂರು. ತಿಂಗಳ ದರ ಯಾರೂ ಕಟ್ಟಲೆಂದು ಇಟ್ಟದ್ದಲ್ಲ, ವರ್ಷದ್ದು ಅಗ್ಗ ಕಾಣಲೆಂದು ಇಟ್ಟದ್ದು. ಬ್ಯಾಂಕಿನ ಸಾಹೇಬರೊಬ್ಬರು ಬೋರ್ಡು ಓದಿ, "ಏಳು ತಿಂಗಳು ಪುಕಟ ಬಿತ್ತಲ್ರೀ!" ಎಂದು ಹಿಗ್ಗಿ ವರ್ಷದ್ದೇ ಕಟ್ಟಿದರು. ಬಂದದ್ದು ಒಂದು ವಾರ. ಆಮೇಲೆ ಮಿಠಾಯಿ ಅಂಗಡಿ ಮುಂದೆ ಕುಂದಾ ತಿನ್ನುತ್ತ ಸಿಕ್ಕರು.

"ಯಾಕ್ರೀ ಸಾಹೇಬ್ರ, ಬರವಲ್ರಿ?"

"ಬರ್ತೀನ್ರೀ. ರೊಕ್ಕ ಕಟ್ಟಿದಾಗಿಂದ ಮೈ ಎಷ್ಟು ಹಗುರ ಅನಸಾಕತ್ತೈತಿ ಅಂದ್ರ, ಅವಸರಾನ ಇಲ್ಲ!"

ನಾಲ್ವರ ಪಾಳಿ

ಖಾಸಬಾಗದ ಸೀರೆ ವ್ಯಾಪಾರಿ ಚೌಕಾಶಿಗೆ ಕೂತರು. "ನಾಕ್ ಮಂದಿ ಅಣ್ತಮ್ಮರದೀವಿ. ಒಂದ ಹೆಸರ್ಲೆ ಕಟ್ತೀವಿ, ಪಾಳಿ ಮ್ಯಾಲ ಬರ್ತೀವಿ." ಮಾಲೀಕರು ತಕ್ಷಣ ಒಪ್ಪಿದರು. ಮೂವರ ಹಣ ಕೈಬಿಟ್ಟಿತಲ್ಲ ಎಂದುಕೊಂಡೆ ನಾನು. ಆದರೆ ಮಾಲೀಕರು ಹಳೇ ಹುಲಿ. ವರ್ಷವಿಡೀ ನಾಲ್ವರಲ್ಲಿ ಒಬ್ಬರೂ ಬರಲಿಲ್ಲ. ಇವತ್ತು ತಮ್ಮನ ಪಾಳಿ ಎಂದು ಅಣ್ಣ, ಅಣ್ಣನದೆಂದು ತಮ್ಮ.

ಮಾಸ್ತರರು

ಖಾನಾಪುರ ತಾಲೂಕಿನ ಹಲಸಿಯಿಂದ ವರ್ಗವಾಗಿ ಬಂದ ಸಾಲಿ ಮಾಸ್ತರರು ಮಾತ್ರ ಮಾಲೀಕರ ನಿದ್ದೆ ಕೆಡಿಸಿದರು. ಬೆಳಿಗ್ಗೆ ನಾನು ಕೀಲಿ ತೆಗೆಯುವ ಮೊದಲೇ ಮೆಟ್ಟಿಲ ಮೇಲೆ. ಸಂಜೆ ಮತ್ತೆ ಹಾಜರು. ಮಾಲೀಕರು ಚಹಾ ಕುಡಿಸಿ, "ಮಾಸ್ತರ್ರ, ಮೈ ದಣಿತೈತ್ರಿ. ಒಂದೆರಡು ವಾರ ಆರಾಮ ಮಾಡ್ರಿ" ಎಂದು ಬೇಡಿಕೊಂಡರು.

"ಅಷ್ಟು ದಿನ ಮುಂದಿನ ವರ್ಷಕ್ಕ ಹಾಕ್ತೀರೇನ್ರಿ?" ಎಂದರು ಮಾಸ್ತರರು.

ಖಂಡೇನವಮಿ

ವರ್ಷ ತುಂಬಿತು. ಬರದವರು ನಾಚಿಕೆಗೆ ಮತ್ತೆ ಕಟ್ಟಲಿಲ್ಲ. ಬಂಗಾರ ಬಿಡಿಸುವ ವಾಯಿದೆ ಹತ್ತಿರ ಬಂದಿತ್ತು. ಖಂಡೇನವಮಿಗೆ ಡಂಬೆಲ್ಲುಗಳಿಗೆ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಪ್ರಸಾದಕ್ಕೆ ಎಲ್ಲರನ್ನೂ ಕರೆದೆವು. ಬಂದರೆ ಹತ್ತಿಪ್ಪತ್ತು ಜನ ಎಂದುಕೊಂಡಿದ್ದೆವು. ವ್ಯಾಯಾಮಕ್ಕೆ ಬರದವರೆಲ್ಲ ಹೋಳಿಗೆಗೆ ಬಂದರು, ಹೆಂಡತಿ ಮಕ್ಕಳ ಸಮೇತ. ಸಾಲು ಬೀದಿಗೆ ಹೋಯಿತು.

ಬ್ಯಾಂಕಿನ ಸಾಹೇಬರು ಸುತ್ತ ನೋಡಿ, "ಅಲ್ರೀ, ಇಷ್ಟೂ ಮಂದಿ ದಿನಾ ಬಂದಿದ್ರ ಎಲ್ಲಿ ನಿಂದರಸ್ತಿದ್ರಿ?" ಎಂದು ಕೇಳಿಯೇಬಿಟ್ಟರು. ಮಾಲೀಕರ ಬಾಯಿಯ ಹೋಳಿಗೆ ಅಲ್ಲೇ ನಿಂತಿತು. ನಮ್ಮ ಕಥೆ ಮುಗಿಯಿತು ಎಂದು ನನಗೆ ಖರೇನೇ ಅಳು ಬಂತು.

ಆಗ ಸೀರೆ ವ್ಯಾಪಾರಿ ಎದೆ ಉಬ್ಬಿಸಿ, "ಅದಕ್ಕ ಅಲ್ಲೇನ್ರಿ ನಾವು ಬರದಿದ್ದದ್ದು! ಮಂದಿಗೆ ತ್ರಾಸ ಆಗಬಾರದಂತ!" ಎಂದರು.

"ಖರೇ, ಖರೇ," ಎಂದರು ಸಾಹೇಬರು. ವರ್ಷದ ಸೋಮಾರಿತನ ಒಂದೇ ಗಳಿಗೆಯಲ್ಲಿ ಪರೋಪಕಾರವಾಯಿತು. ಇನ್ನೂ ಒಂದು ವರ್ಷ ಉಪಕಾರ ಮಾಡಲು ಜನ ನೂಕಾಡಿ ಹಣ ಕಟ್ಟಿದರು.

ಕೊನೆಗೆ ಉಳಿದವರು ಮಾಸ್ತರರು. ಧೈರ್ಯ ಬಂದ ಮಾಲೀಕರು, "ನೀವು ಯಾವಾಗ ಕಟ್ತೀರಿ ಮಾಸ್ತರ್ರ?" ಎಂದು ಕೇಳಿದರು.

ಮಾಸ್ತರರು ಎಲೆ ಮಡಚಿ ಎದ್ದರು. "ಬರದೇ ಇರಾಕ ಇಷ್ಟು ಮಂದಿ ರೊಕ್ಕ ಕೊಟ್ಟಾರಲ್ರಿ. ದಿನಾ ಬರಾವ ನಾ ಮತ್ಯಾಕ ಕೊಡ್ಲಿ?"